ಒದ್ದೆ ರಸ್ತೆಗೆ ನಾಲ್ಕು ಟೈರು

“ಗಾಡಿ ಎಲ್ಲಿ ಜಾರಿತು?”

ಅವಳು ಬೆಚ್ಚಿಬಿದ್ದಳು. ಟೈರು ಬದಲಾಯಿಸಬೇಕು ಅನ್ನುವುದನ್ನು ಬಿಟ್ಟು ಬೇರೆ ಒಂದು ಮಾತನ್ನೂ ಅವಳು ಆಡಿರಲಿಲ್ಲ. ಟೈರ್ ಅಂಗಡಿಯವನು ಆಗಲೇ ಅವಳ ಎಸ್‌ಯುವಿಯ ಹಿಂದಿನ ಚಕ್ರದ ಪಕ್ಕ ಮಂಡಿಯೂರಿ, ರಬ್ಬರಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.

“ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಿಲ್ಲ. ಇಲ್ಲಿ ನೋಡಿ, ಅಂಚು ಅಡ್ಡಡ್ಡ ತರಚಿದೆ. ನೇರ ಓಡೋ ಗಾಡಿಗೆ ಹೀಗಾಗಲ್ಲ.” ಅವನು ತಲೆಯೆತ್ತಿದ. “ನಿಮಗೇನೂ ಪೆಟ್ಟಾಗಿಲ್ಲ ತಾನೆ?”

ಅಷ್ಟೇ. ಅಷ್ಟಕ್ಕೇ ಅವಳು ಮುಖ ಆಚೆ ತಿರುಗಿಸಿಕೊಂಡಳು.

ಅವಳು ಹೆರಿಗೆ ನರ್ಸ್. ಗುಡ್ಡದ ಮೇಲಿನ ಊರುಗಳಿಗೆ ಹೋಗಿ ಬಸುರಿಯರನ್ನು ನೋಡುವುದು, ಆಸ್ಪತ್ರೆಗೆ ತಲುಪಲಾಗದವರಿಗೆ ಮನೆಯಲ್ಲೇ ಹೆರಿಗೆ ಮಾಡಿಸುವುದು ಅವಳ ಕೆಲಸ. ಎಂಟು ದಿನಗಳ ಹಿಂದೆ ಒಬ್ಬ ಬಾಣಂತಿಯನ್ನೂ ಮೂರು ದಿನದ ಕೂಸನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಳಿಯುತ್ತಿದ್ದಳು. ತುಂತುರು ಮಳೆ, ರಸ್ತೆಯ ಮೇಲೆ ನಿಂತ ನೀರು. ಸಾಧಾರಣ ತಿರುವು. ಬ್ರೇಕ್ ಒತ್ತಿದಾಗ ಗಾಡಿ ಅವಳ ಮಾತು ಕೇಳಲಿಲ್ಲ. ಅಡ್ಡ ತಿರುಗಿ, ಜಾರಿ, ಕಾಲುವೆಯ ಅಂಚಿಗೆ ಒಂದು ಗೇಣು ಇರುವಾಗ ತಾನಾಗಿಯೇ ನಿಂತಿತು.

“ಏನಾಯ್ತಕ್ಕಾ?” ಎಂದಿದ್ದಳು ಬಾಣಂತಿ.

“ಏನಿಲ್ಲಮ್ಮ, ಬ್ರೇಕ್ ಹಾಕಿದೆ,” ಎಂದಿದ್ದಳು ಇವಳು. ಅವತ್ತಿನಿಂದ ಮಳೆ ಹನಿಯುವ ಸದ್ದು ಕೇಳಿದರೆ ಸಾಕು, ಬಲಗಾಲು ಸೋತಂತಾಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ಗುಡ್ಡದ ರಸ್ತೇಲಿ, ಮಳೇಲಿ. ಗಾಡೀಲಿ ಮಗು ಇತ್ತು,” ಎಂದಳು ಈಗ, ಈ ಅಪರಿಚಿತನಿಗೆ.

ಅವನು ತಲೆಯಾಡಿಸಿದ. ಏನೂ ಆಗಲ್ಲ ಬಿಡಿ ಅನ್ನಲಿಲ್ಲವಲ್ಲ... ಅದೇ ಅವಳಿಗೆ ಹಿಡಿಸಿತು.

ಗೋಡೆಗೆ ಒರಗಿಸಿದ್ದ, ದೊಡ್ಡ ದೊಡ್ಡ ಹಲ್ಲುಗಳಿದ್ದ ಟೈರನ್ನು ಅವಳು ತೋರಿಸಿದಳು. “ಅದನ್ನೇ ಹಾಕಿಬಿಡಿ. ನೋಡಿದ್ರೇ ಧೈರ್ಯ ಬರುತ್ತೆ.”

“ಅದು ಕೆಸರಿಗೆ, ಕಲ್ಲು ದಾರಿಗೆ. ನಿಮ್ಮದು ಡಾಂಬರು ರಸ್ತೆ. ಹಲ್ಲು ದೊಡ್ಡದಿದೆ ಅಂದ ಮಾತ್ರಕ್ಕೆ ಕಚ್ಚುತ್ತೆ ಅಂತಲ್ಲ.”

ಕೌಂಟರಿನ ಹಿಂದೆ ಕೂತಿದ್ದ ಹೆಂಗಸು ನಕ್ಕಳು. ಅವಳು ಅವನ ಚಿಕ್ಕಮ್ಮ. ಅಂಗಡಿಯ ಬಿಲ್ಲು, ಬಾಯಿ ಎರಡೂ ಅವಳದೇ. “ನಮ್ಮ ಮುನಿ ಇವತ್ತು ಒಂದು ತಿಂಗಳ ಮಾತು ಆಡಿ ಮುಗಿಸಿದ ನೋಡಿ,” ಎಂದಳು.

ಮುನಿಯ ಕಿವಿ ಕೆಂಪಾಯಿತು. ಅವನು ಒಂದು ಹಳೇ ರಟ್ಟನ್ನು ನೆಲಕ್ಕೆ ಹಾಸಿ, ಮುಂದಿನ ಚಕ್ರಕ್ಕೆ ನೀರು ಹಚ್ಚಿ, ಗಾಡಿಯನ್ನು ಮೆಲ್ಲಗೆ ಅದರ ಮೇಲೆ ನಿಲ್ಲಿಸಿ ಹಿಂದಕ್ಕೆ ಸರಿಸಿದ. ರಟ್ಟಿನ ಮೇಲೆ ಒಂದು ಒದ್ದೆ ಗುರುತು ಉಳಿಯಿತು.

“ಇಷ್ಟೇ ರಸ್ತೆಗೆ ತಾಗೋದು.”

ಅವಳು ಬಗ್ಗಿ ನೋಡಿದಳು. ಎರಡು ಅಂಗೈ ಜೋಡಿಸಿಟ್ಟಷ್ಟು ಜಾಗ. “ಇಷ್ಟೇನಾ?”

“ಇಷ್ಟೇ. ಇಡೀ ಗಾಡಿ, ಒಳಗಿರೋ ಜನ, ಎಲ್ಲಾ ಇಂಥ ನಾಲ್ಕು ಗುರುತಿನ ಮೇಲೆ.”

ಹುಟ್ಟಿದ ಮಗುವನ್ನು ಮೊದಲು ಹಿಡಿದುಕೊಳ್ಳುವುದೂ ಇಷ್ಟೇ ಜಾಗದಲ್ಲಿ... ಎರಡು ಅಂಗೈಯಲ್ಲಿ. ಇಷ್ಟು ವರ್ಷ ಓಡಿಸಿದರೂ ತಾನು ಯಾವುದರ ಮೇಲೆ ನಿಂತಿದ್ದೇನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ಬೇರೊಂದು ಟೈರು ಉರುಳಿಸಿಕೊಂಡು ಬಂದು ಅದರ ಮೇಲೆ ಚೊಂಬಿನಿಂದ ನೀರು ಸುರಿದ. ನಾಲ್ಕು ಆಳವಾದ ಗೀರುಗಳಲ್ಲಿ ನೀರು ಸರ್ರನೆ ಓಡಿಹೋಯಿತು. ಆ ಗೀರುಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಸಾವಿರ ಸೀಳುಗಳು.

“ಮೆತ್ತನೆ ರಬ್ಬರ್. ಒದ್ದೆ ರಸ್ತೇಲಿ ಇದೇ ಹಿಡಿಯೋದು. ವೇಗದಲ್ಲಿದ್ದಾಗ ಕಣ್ಣು ಮಿಟುಕಿಸೋದ್ರಲ್ಲಿ ಒಂದು ಬಕೆಟ್ ನೀರು ಆಚೆ ತಳ್ಳುತ್ತೆ. ನಿಮ್ಮ ಗೀರುಗಳು ಸವೆದು ಹೋಗಿವೆ. ನೀರಿಗೆ ದಾರಿ ಇಲ್ಲ. ಗಾಡಿ ನೀರಿನ ಮೇಲೆ ತೇಲಿತು, ಅಷ್ಟೇ. ತಪ್ಪು ನಿಮ್ಮದಲ್ಲ.”

ಕೊನೆಯ ಮಾತನ್ನು ಅವನು ನೆಲ ನೋಡಿಕೊಂಡು ಹೇಳಿದ. ಅವಳಿಗೆ ಎಂಟು ದಿನದ ಭಾರ ಇಳಿದಂತಾಯಿತು.

ಅವಳು ಆ ಟೈರಿಗೇ ಬಿಲ್ ಮಾಡಿಸಿದಳು. ಆದರೆ ಅವಳ ಗಾಡಿಯ ಅಳತೆಯವು ಅಂಗಡಿಯಲ್ಲಿ ಇರಲಿಲ್ಲ. ಬರಲು ಮೂರು ದಿನ ಬೇಕು, ಅಲ್ಲಿಯವರೆಗೆ ಮಳೆಯಲ್ಲಿ ಗುಡ್ಡ ಹತ್ತಬೇಡಿ ಎಂದ.

ಅಷ್ಟರಲ್ಲೇ ಫೋನು ಬಂತು. ಮೇಲಿನ ಊರಿನಿಂದ. ನೋವು ಶುರುವಾಗಿದೆ, ದಿನ ತುಂಬುವ ಮೊದಲೇ.

“ನಾನು ಹೋಗ್ಲೇಬೇಕು.”

“ಈ ಟೈರಲ್ಲಿ ಬೇಡ.”

“ಮತ್ತೆ? ಮೂರು ದಿನ ತಡ್ಕೊಳ್ಳಮ್ಮ ಅಂತ ಹೇಳ್ಲಾ ಅವಳಿಗೆ?”

ಅವನು ಒಂದು ಕ್ಷಣ ಆಕಾಶ ನೋಡಿದ. ಮೋಡ ಕಟ್ಟಿತ್ತು. “ಇಪ್ಪತ್ತು ನಿಮಿಷ ಕೊಡಿ,” ಎಂದು ಜಾಕಿ ಎಳೆದುಕೊಂಡು ಹೊರಟ.

ಅವಳು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತ, ಬಸುರಿಯ ಹೆದರಿದ್ದ ಅತ್ತೆಗೆ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದಳು. ನೀರು ಕಾಯಿಸಿಡಿ, ಎಡಕ್ಕೆ ಮಲಗಿಸಿ, ನೋವಿನ ನಡುವೆ ಎಷ್ಟು ಹೊತ್ತು ಬಿಡುವು ಎಂದು ನೋಡಿ. ನಡುವೆ ಅವನು ಬಂದು ಎದುರು ನಿಂತು ಏನೋ ಹೇಳಿದ. ಇನ್ನೊಮ್ಮೆ ಹೇಳಿದ. “ಸರಿ, ಸರಿ,” ಎಂದಳು ಅವಳು. ಅಂದದ್ದು ಫೋನಿಗೆ.

ನಾಲ್ಕೂ ಚಕ್ರ ಬದಲಾಗಿದ್ದವು. ಎಲ್ಲಿಂದಲೋ ಹೊಂದಿಸಿಬಿಟ್ಟಿದ್ದಾನೆ ಪುಣ್ಯಾತ್ಮ ಎಂದುಕೊಂಡು ಹೊರಟಳು.

ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಮಳೆ ಸುರಿಯಿತು. ಹಗಲೇ ಕತ್ತಲಾಯಿತು. ರಸ್ತೆಯ ಮೇಲೆ ಕೆಂಪು ನೀರು ಹೊಳೆಯಂತೆ ಇಳಿಯುತ್ತಿತ್ತು. ಒಂದು ತಿರುವು ದಾಟಿದ್ದೇ ತಡ, ಎದುರಿಗೆ ಅರ್ಧ ರಸ್ತೆಗೆ ಅಡ್ಡ ಬಿದ್ದ ಮರ.

ಬ್ರೇಕ್ ಒತ್ತಿದಳು.

ಗಾಡಿ ಅಲುಗಲಿಲ್ಲ, ತಿರುಗಲಿಲ್ಲ. ಯಾರೋ ನಾಲ್ಕು ಕಡೆಯಿಂದ ನೆಲವನ್ನು ತಬ್ಬಿ ಹಿಡಿದಂತೆ, ನೇರವಾಗಿ, ಮರಕ್ಕೆ ಒಂದು ಮಾರು ದೂರದಲ್ಲಿ ನಿಂತಿತು.

ಅವಳು ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿ, ಮರವನ್ನು ಬಳಸಿ ಮುಂದೆ ಹೋದಳು.

ಸಂಜೆ ಐದಕ್ಕೆ ಮಗು ಹುಟ್ಟಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತು, ಬಿಡಿಸಿದಳು. ಒಂದು ಕ್ಷಣ ನಿಶ್ಶಬ್ದ... ಆಮೇಲೆ ಆ ಅಳು. ಎಷ್ಟು ಸಲ ಕೇಳಿದ್ದಳೋ, ಇನ್ನೂ ಅಭ್ಯಾಸವಾಗಿರಲಿಲ್ಲ. ಪ್ರತಿ ಸಲವೂ ಲೋಕ ಆಗ ತಾನೇ ಶುರುವಾದಂತೆ ರೋಮಾಂಚನ. ಅವತ್ತು ಮಾತ್ರ ಆ ಅಳುವಿನ ನಡುವೆ ಒಂದು ಮುಖ ನೆನಪಾಯಿತು. ಗ್ರೀಸ್ ಮೆತ್ತಿದ ಕೈ, ಕೆಂಪಾದ ಕಿವಿ.

ಇದನ್ನು ಅವನಿಗೆ ಹೇಳಬೇಕು, ಎಂದುಕೊಂಡಳು.

ಆದರೆ ಮೂರನೇ ದಿನ ಬೆಳಿಗ್ಗೆ ಅಣ್ಣ ಬಂದ. ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಗಾಡಿಯನ್ನು ಒಂದು ಸುತ್ತು ಹಾಕಿ, ಬಗ್ಗಿ, ಹುಬ್ಬು ಗಂಟಿಕ್ಕಿದ.

“ಹೊಸ ಟೈರು ಅಂದ್ಯಲ್ಲ?”

“ಹೌದು, ಯಾಕೆ?”

“ನಿನ್ನ ಕಿವಿಗೆ ಹೂವಿಟ್ಟಿದ್ದಾರೆ. ಈ ನಾಲ್ಕು ಅಂಕಿ ನೋಡು, ತಯಾರಾದ ವಾರ, ವರ್ಷ. ಹೋದ ವರ್ಷದ್ದು. ಗೀರಿನ ಅಂಚೂ ಸವೆದಿದೆ. ಒಂದು ಮಳೆಗಾಲ ಓಡಿವೆ ಇವು.”

ಅವಳ ಮುಖ ಬಿಳುಚಿತು. ಟೈರು ಹಳೆಯದಾದದ್ದಕ್ಕಲ್ಲ. ಪೆಟ್ಟಾಗಿಲ್ಲ ತಾನೆ ಎಂದು ಕೇಳಿದ ಆ ದನಿ... ಅದೂ ವ್ಯಾಪಾರವೇ ಆಗಿತ್ತಾ?

ಅಂಗಡಿಯಲ್ಲಿ ಅವತ್ತು ನಾಲ್ಕಾರು ಗಿರಾಕಿಗಳಿದ್ದರು. ಅವಳು ಯಾರನ್ನೂ ನೋಡಲಿಲ್ಲ.

“ಹೊಸದಕ್ಕೆ ಬಿಲ್ಲು, ಹಾಕಿದ್ದು ಹಳೇದು. ತೇಲಿತು, ತಪ್ಪು ನಿಮ್ಮದಲ್ಲ ಅಂತೆಲ್ಲಾ ಹೇಳಿ... ಎಷ್ಟು ಚೆನ್ನಾಗಿ ನಂಬಿಸಿದ್ರಿ. ಹೆದರಿದವರ ಹತ್ರ ಹೀಗಾ ವ್ಯಾಪಾರ ಮಾಡೋದು?”

ಅವನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನ ಹಾಗೇ ನಿಂತಿತು. “ನಾನು ಅವತ್ತೇ ಹೇಳಿದ್ದೆ...”

“ಏನು ಹೇಳಿದ್ರಿ?”

ಅವನು ಗಿರಾಕಿಗಳ ಕಡೆ ನೋಡಿದ. ಅವಳ ಕಡೆ ನೋಡಿದ. ತಲೆ ತಗ್ಗಿಸಿ, “ನಿಮ್ಮ ಹೊಸ ಟೈರು ಬಂದಿವೆ. ಹಾಕಿ ಕೊಡ್ತೀನಿ,” ಎಂದಷ್ಟೇ ಅಂದ.

ಚಿಕ್ಕಮ್ಮ ಪೆನ್ನು ಕೆಳಗಿಟ್ಟು ಎದ್ದಳು. “ನರ್ಸಮ್ಮ, ಒಂದು ನಿಮಿಷ ಹಿಂದೆ ಬನ್ನಿ. ನೋಡಿದ ಮೇಲೆ ಇನ್ನೂ ನಾಲ್ಕು ಬೈಯೋದಿದ್ರೆ ಬೈಯುವಿರಂತೆ.”

ಅಂಗಡಿಯ ಹಿತ್ತಲಲ್ಲಿ, ತಗಡಿನ ಚಾವಣಿಯ ಕೆಳಗೆ, ಥೇಟ್ ಅವಳದರಂಥದೇ ಒಂದು ಎಸ್‌ಯುವಿ ಇತ್ತು. ಅದಕ್ಕೆ ಒಂದೂ ಚಕ್ರವಿರಲಿಲ್ಲ. ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು.

“ಅವನದು. ನಾಲ್ಕೂ ಕಳಚಿ ನಿಮಗೆ ಹಾಕಿ ಕಳಿಸಿದ. ಹೊಸದು ಬರೋವರೆಗೆ ನನ್ನದು ಇರಲಿ ಅಂತ ಎರಡು ಸಲ ಹೇಳಿದ, ನನ್ನ ಕಿವಿಯಾರೆ ಕೇಳಿದೀನಿ. ಸರಿ ಸರಿ ಅಂದ್ರಿ ನೀವು. ಅವತ್ತಿಂದ ಬಸ್ಸಲ್ಲಿ ನೇತಾಡಿಕೊಂಡು ಬರ್ತಾನೆ. ಅವರ ಹಳೇ ಚಕ್ರ ನೀನು ಹಾಕ್ಕೊಳ್ಳೋ ಅಂದ್ರೆ, ಅದು ರಸ್ತೆಗೆ ಇಳಿಸೋ ವಸ್ತುವಲ್ಲ ಚಿಕ್ಕಮ್ಮ ಅಂತಾನೆ.”

ಅವಳು ಆ ಕಾಲಿಲ್ಲದ ಗಾಡಿಯ ಮುಂದೆ ನಿಂತೇ ಇದ್ದಳು. ಗುರುತು ಪರಿಚಯವಿಲ್ಲದ ಒಬ್ಬಳಿಗಾಗಿ, ಗುಡ್ಡದ ಮೇಲೆ ಎಲ್ಲೋ ಇನ್ನೂ ಹುಟ್ಟದ ಮಗುವಿಗಾಗಿ... ಇಂಥವರೂ ಇರುತ್ತಾರಾ? ಅದನ್ನು ಒಂದು ಮಾತಿನಲ್ಲೂ ಎತ್ತಿ ಆಡದೆ ಇರಬಲ್ಲರಾ? ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕಿಂತ ದೊಡ್ಡದಾಗಿ, ಬೆರಗಿನಿಂದ ಎದೆ ತುಂಬಿ ಬಂತು.

ಅವಳು ನೇರ ಅಂಗಡಿಯ ನಡುವೆ ಬಂದು ನಿಂತಳು.

“ಬೈದದ್ದು ಎಲ್ಲರ ಎದುರಿಗೆ. ಕ್ಷಮೆ ಕೇಳೋದೂ ಎಲ್ಲರ ಎದುರಿಗೇ ಆಗಲಿ. ಇವರು ತಮ್ಮ ಗಾಡಿಯ ಚಕ್ರ ಬಿಚ್ಚಿ ನನಗೆ ಕೊಟ್ಟಿದ್ರು. ನಾನು ಕೇಳಿಸಿಕೊಂಡಿರಲಿಲ್ಲ. ತಪ್ಪು ನನ್ನದು.”

“ನಮಗೂ ಹೀಗೇ ಕೊಡ್ತಾರೇನಮ್ಮ?” ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು.

ಅವನು ಮಾತ್ರ ನಗಲಿಲ್ಲ. “ಮಗು ಹೇಗಿದೆ?” ಎಂದು ಕೇಳಿದ.

ಅವಳು ಹೇಳಿದಳು. ಮರದ ವಿಷಯ, ಗಾಡಿ ನಿಂತ ಬಗೆ, ಬಳ್ಳಿ ಬಿಡಿಸಿದ್ದು, ಆ ಒಂದು ಕ್ಷಣದ ನಿಶ್ಶಬ್ದ, ಆ ಅಳು. ಅವನು ಕೆಲಸ ಮರೆತು, ಬಾಯಿ ಅರೆ ತೆರೆದು ಕೇಳುತ್ತ ನಿಂತ.

ಹೊಸ ಟೈರು ಹಾಕಿ ಮುಗಿಸಿ, ನಟ್ಟು ಬಿಗಿ ಮಾಡಿ, ಅವನೆಂದ: “ಮೊದಲ ಇನ್ನೂರು ಕಿಲೋಮೀಟರು ನಿಧಾನ ಓಡಿಸಿ. ಹೊಸ ರಬ್ಬರಿನ ಮೇಲೆ ನುಣುಪು ಇರುತ್ತೆ. ಅದು ಸವೆದ ಮೇಲೇ ಪೂರ್ತಿ ಹಿಡಿತ.”

“ಭಾನುವಾರ ಬೆಳಿಗ್ಗೆ ನೀವೂ ಬನ್ನಿ. ಒಬ್ಬಳಿಗೇ ಇನ್ನೂರು ಕಿಲೋಮೀಟರು ಬೇಜಾರು.”

“ಹೋಗಿ ಬಾರೋ,” ಎಂದಳು ಚಿಕ್ಕಮ್ಮ, ಅವನು ಬಾಯಿ ತೆರೆಯುವ ಮೊದಲೇ.

ಭಾನುವಾರ ಗುಡ್ಡದ ನೆತ್ತಿಯಲ್ಲಿ ಅವಳು ಗಾಡಿ ನಿಲ್ಲಿಸಿದಳು. ಸಣ್ಣಗೆ ಮಳೆ ಶುರುವಾಯಿತು. ಈ ಸಲ ಅವಳ ಬಲಗಾಲು ಸೋಲಲಿಲ್ಲ. ಕೆಳಗೆ ಕಣಿವೆಯುದ್ದಕ್ಕೂ ಮೋಡ ಬಿಚ್ಚಿ ಬಿಚ್ಚಿ ಬೆಳಕು ಇಳಿಯುತ್ತಿತ್ತು.

“ಯಾಕೆ ಕೊಟ್ರಿ ಅವತ್ತು?” ಎಂದು ಕೇಳಿದಳು.

“ನೀವು ಫೋನಲ್ಲಿ ಮಾತಾಡ್ತಿದ್ರಿ. ಕೈ ನಡುಗ್ತಿತ್ತು, ನಾನು ನೋಡಿದೆ. ದನಿ ಮಾತ್ರ ನಡುಗಲಿಲ್ಲ. ಆ ಕಡೆ ಇದ್ದವರಿಗೆ ಗೊತ್ತೇ ಆಗ್ಲಿಲ್ಲ ನಿಮಗೆ ಎಷ್ಟು ಭಯ ಅಂತ.” ಅವನು ಗಾಜಿನಾಚೆ ನೋಡುತ್ತಿದ್ದ. “ನಾನು ಅಂಥದ್ದು ನೋಡಿರಲಿಲ್ಲ. ಆವಾಗ್ಲೇ... ಅಂದ್ರೆ, ಅವತ್ತಿಂದ... ಮಳೆ ಬಂದಾಗೆಲ್ಲ ನೀವೆಲ್ಲಿದ್ದೀರೋ ಅಂತ ಯೋಚನೆ ಆಗುತ್ತೆ. ಹೇಳೋಕೆ ಬರಲ್ಲ ನನಗೆ.”

“ಬಂತಲ್ಲ,” ಎಂದಳು ಅವಳು ಮೆಲ್ಲಗೆ. “ನನಗೂ ಹಾಗೇ. ಆ ಮಗು ಅತ್ತಾಗ ಮೊದಲು ನೆನಪಾದದ್ದು ನೀವು.”

ಅವನು ತಿರುಗಿ ನೋಡಿದ. ಆ ನೋಟವನ್ನು ಅವಳು ಬಲ್ಲಳು; ಕೂಸನ್ನು ಮೊದಲ ಸಲ ಕೈಗೆ ಕೊಟ್ಟಾಗ ಜನರ ಕಣ್ಣಲ್ಲಿ ನೋಡಿದ್ದಳು. ತನ್ನ ಕಡೆ ಯಾರೂ ಹಾಗೆ ನೋಡಿರಲಿಲ್ಲ.

“ಒಂದು ಕೇಳ್ಲಾ?” ಎಂದಳು.

“ಕೇಳಿ.”

“ನಿಮ್ಮನ್ನ... ನೀನು ಅನ್ನಬಹುದಾ?”

ಅವನ ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ, ಆಮೇಲೆ ಇಡೀ ಮುಖದಲ್ಲಿ ನಗು ಹರಡಿತು.

“ಅನ್ನು,” ಎಂದ.