ಮುಳ್ಳಿನ ತುದಿಯ ಧೂಳು

“ಅದನ್ನ ಮುಟ್ಬೇಡ ಕಣಪ್ಪ. ಎಲ್ಲಿತ್ತೋ ಅಲ್ಲೇ ಇಟ್ಬಿಡು.”

ಹಳೆಯ ರೆಕಾರ್ಡುಗಳ ಅಂಗಡಿಯ ಮುದುಕಿ ಹೀಗೆ ಅಂದಾಗ ಕನ್ನಡಕದವನಿಗೆ ನಗು ಬಂತು. ಕನ್ನಡಕದವನು ಅಂತ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅವನ ಕಸುಬಿನಿಂದ. ಹಗಲೆಲ್ಲ ಜನರ ಕಣ್ಣು ಅಳೆಯುವುದು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಕಣ್ಣಿಗೆ ಕಂಡದ್ದನ್ನು ಬಿಟ್ಟರೆ ಬೇರೇನನ್ನೂ ನಂಬದ ಆಸಾಮಿ. ಈಗ ಅವನ ಕೈಯಲ್ಲಿ ಒಂದು ಕರಿಯ ತಟ್ಟೆಯಿತ್ತು. ನಡುವೆ ಚೀಟಿಯಿಲ್ಲ, ಹಾಡಿನ ಹೆಸರಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಹಾಡು ಕೊರೆದ ಒಂದೇ ಒಂದು ಗೀರೂ ಇಲ್ಲದೆ ಬೋಳಾಗಿ ಹೊಳೆಯುತ್ತಿತ್ತು. ಮೂಗಿನ ಹತ್ತಿರ ತಂದರೆ ಕೂದಲು ಸುಟ್ಟ ವಾಸನೆ.

“ಯಾಕಜ್ಜಿ, ಇದರಲ್ಲಿ ದೆವ್ವ ಹಾಡತ್ತಾ?”

“ನಗಪ್ಪ, ನಗು. ನನ್ನ ಗಂಡನೂ ಹೀಗೇ ನಗ್ತಿದ್ದ.” ಮುದುಕಿ ದನಿ ಇಳಿಸಿದಳು. “ರೆಕಾರ್ಡು ಹಾಡಿಸಿದ ಮುಳ್ಳಿನ ತುದೀಲಿ ಧೂಳು ಕೂರತ್ತಲ್ಲ, ಅದನ್ನ ಇದರ ಮೇಲೆ ಹಾಕಿ ತಿರುಗಿಸಿದ್ರೆ ಮುಗೀತು. ಆ ಧೂಳು ಯಾರ ಮನೇದೋ ಆ ಮನೆ ದನಿಯೆಲ್ಲ ಇದರೊಳಕ್ಕೆ ಬಂದ್ಬಿಡತ್ತೆ. ಅಲ್ಲಿ ಏನೂ ಉಳಿಯಲ್ಲ. ಅವನು ಹಾಗೆ ಮಾಡಿದ ದಿನ ನಾನು ಅಕ್ಕನ ಮನೆಗೆ ಹೋಗಿದ್ದೆ, ನನಗೊಬ್ಬಳಿಗೆ ಮಾತು ಉಳೀತು. ಮನೆಯವರೆಲ್ಲರ ದನಿ ಇದರಲ್ಲಿತ್ತು. ಕೇಳಿ ಕೇಳಿ ಸವೆಸಿಬಿಟ್ಟೆ. ಬೋಳಾದ ಮೇಲೆ ಇದಕ್ಕೆ ಮತ್ತೆ ಹಸಿವು.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಗಂಡ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುತ್ತ ಕೂತಿದ್ದ. ಸುತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ರಬ್ಬರಿನ ಸುತ್ತಿಗೆ ಇರಬೇಕು ಅಂದುಕೊಂಡ ಕನ್ನಡಕದವನು. ಮುದುಕಿ ಕಾಗದದ ಚೀಲ ತರಲು ಒಳಗೆ ಹೋದಾಗ, ಕೊಂಡಿದ್ದ ಎರಡು ರೆಕಾರ್ಡುಗಳ ನಡುವೆ ಆ ಬೋಳು ತಟ್ಟೆಯನ್ನು ತೂರಿಸಿಬಿಟ್ಟ. ಇಂಥದ್ದೊಂದು ವಿಚಿತ್ರ ಷಡ್ಡಕನ ಹತ್ತಿರ ಖಂಡಿತ ಇರುವುದಿಲ್ಲ ಎನ್ನುವುದೊಂದೇ ಅವನ ತಲೆಯಲ್ಲಿದ್ದದ್ದು.

ಅಯ್ಯೋ, ಆ ಷಡ್ಡಕ! ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು, ಮನೆಯಲ್ಲಿ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ. ಗೋಡೆಗೆಲ್ಲ ದಪ್ಪ ಬಟ್ಟೆಯ ಹೊದಿಕೆ, ಕಿಟಕಿಗೆ ಎರಡು ಪದರ ಪರದೆ, ಆಳೆತ್ತರದ ಎರಡು ಸ್ಪೀಕರು, ಕೆಂಡದ ಬಣ್ಣದಲ್ಲಿ ಉರಿಯುವ ವಾಲ್ವುಗಳ ಆಂಪ್ಲಿಫೈಯರ್. ಅಲ್ಲಿ ರೆಕಾರ್ಡು ಹಾಕಿದರೆ ಹಾಡುವವಳು ಹಾಡಿಗೆ ಮೊದಲು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಕನ್ನಡಕದವನೂ ತನ್ನ ಕೈಲಾದ ಮಟ್ಟಿಗೆ ಸೆಟ್ಟು ಕೂಡಿಸಿದ್ದ. ಹತ್ತು ವರ್ಷ ಒಂದೊಂದೇ ತುಂಡು ತಂದು, ತಾನೇ ತಂತಿ ಬೆಸೆದು. ಅದರಲ್ಲಿ ಹಾಡು ಕೇಳುತ್ತಿತ್ತು, ಅಷ್ಟೆ. ಉಸಿರು ಕೇಳುತ್ತಿರಲಿಲ್ಲ.

ಅದನ್ನಾದರೂ ಸಹಿಸಿಕೊಂಡಾನು. ಸಹಿಸಲಾಗದ್ದು ಹೆಂಡತಿಯ ಕಣ್ಣು. ಷಡ್ಡಕನ ಕೋಣೆಯಲ್ಲಿ ಹಾಡು ಶುರುವಾದರೆ ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು, ಮುಖ ಸಡಿಲವಾಗುತ್ತಿತ್ತು. “ಭಾವನ ಮನೇಲಿ ಎದುರಿಗೇ ಕೂತು ಹಾಡಿದ ಹಾಗಿರತ್ತಲ್ವೇನ್ರೀ?” ಎಂದು ದಾರಿಯುದ್ದಕ್ಕೂ ಅದೇ ಮಾತು. ಇಲ್ಲಿ ತನ್ನ ಮನೆಯಲ್ಲಿ ಅದೇ ಹಾಡು ಹಾಕಿದರೆ ಒಳಗಿನಿಂದ ಪಾತ್ರೆ ತೊಳೆಯುವ ಸದ್ದು! ಅವನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಅವಳು ತನ್ನ ಸೆಟ್ಟಿನೆದುರು ಹಾಗೆ ಕಣ್ಣು ಮುಚ್ಚಬೇಕು. ಬೇರೆ ಏನೂ ಬೇಡವಾಗಿತ್ತು ಅವನಿಗೆ.

ಅವನ ಸೆಟ್ಟನ್ನು ಮೆಚ್ಚಿ ಕೂರುತ್ತಿದ್ದವಳು ಏಳು ವರ್ಷದ ಮಗಳು ಒಬ್ಬಳೇ. ತೋಳು ಬಿಚ್ಚಿಕೊಂಡಿದ್ದ ಕೆಂಪು ಸ್ವೆಟರು ಹಾಕಿಕೊಂಡು, ಅದರ ನೂಲು ಎಳೆಯುತ್ತ, ಯಂತ್ರಕ್ಕೆ ಮೂಗು ತಾಗಿಸಿ ಕೂತು ತಾನೂ ಗುನುಗುವಳು. ಹಾಡು ಮುಗಿದದ್ದೇ ತಡ, “ಅಪ್ಪಾ, ಇನ್ನೊಂದ್ಸಲ!” “ದೂರ ಕೂರೇ, ಧೂಳು ಬೀಳತ್ತೆ,” ಎಂದು ಇವನು ಗದರುವನು.

ಭಾನುವಾರ ಬೆಳಿಗ್ಗೆ ಷಡ್ಡಕನ ಫೋನು ಬಂತು. “ಬಾರೋ ತಮ್ಮಾ. ನಿನ್ನ ರೆಕಾರ್ಡೊಂದು ತಗೊಂಡು ಬಾ. ಅದರಲ್ಲಿ ನಿಜವಾಗಿ ಏನಿದೆ ಅಂತ ಕೇಳಿಸ್ತೀನಿ.”

ನಿಜವಾಗಿ ಅಂತೆ! ಮೈಯೆಲ್ಲ ಉರಿದರೂ ಮಗಳಿಗೆ ಬಲು ಇಷ್ಟವಾದ ಹಾಡಿನ ರೆಕಾರ್ಡನ್ನೇ ಎತ್ತಿಕೊಂಡು ಹೆಂಡತಿಯೊಂದಿಗೆ ಹೋದ. ಆ ಮನೆಯಲ್ಲಿ ಮಕ್ಕಳಿಲ್ಲ, ಧೂಳೂ ಇಲ್ಲ. ಷಡ್ಡಕ ರೋಗಿಯ ಹಲ್ಲು ತಿಕ್ಕುವಷ್ಟು ಜತನದಿಂದ ಮುಳ್ಳನ್ನು ಪುಟ್ಟ ಕುಂಚದಲ್ಲಿ ಗುಡಿಸಿ, ಭೂತಗಾಜು ಹಿಡಿದು ನೋಡಿ, ಮತ್ತೊಮ್ಮೆ ಗುಡಿಸಿ, ಕನ್ನಡಕದವನ ರೆಕಾರ್ಡು ಹಾಕಿದ.

“ನಿನ್ನ ಮುಳ್ಳು ಭಾರ ಕಣೋ. ಗೀರನ್ನ ತಿಂದುಹಾಕತ್ತೆ. ನಂದು ನೋಡು, ಸವರ್ಕೊಂಡು ಹೋಗತ್ತೆ. ಸಾವಿರ ಸಲ ಹಾಕಿದ್ರೂ ತಟ್ಟೆ ಸವೆಯಲ್ಲ.”

“ಹೌದಣ್ಣ,” ಎಂದ ಕನ್ನಡಕದವನು, ಹಲ್ಲು ಕಚ್ಚಿಕೊಂಡು.

ಹತ್ತು ವರ್ಷದಿಂದ ಕೇಳಿದ ಹಾಡಿನೊಳಗೆ ಅವನೆಂದೂ ಕೇಳದ ಒಂದು ತಂತಿವಾದ್ಯವಿತ್ತು. ಪಕ್ಕದಲ್ಲಿ ಹೆಂಡತಿ ಕಣ್ಣು ಮುಚ್ಚಿದ್ದಳು. ಅವನು ಹಾಡು ಕೇಳಲಿಲ್ಲ, ಅವಳ ರೆಪ್ಪೆಗಳನ್ನೇ ನೋಡುತ್ತ ಕೂತ. ಹಾಡು ಮುಗಿಯಿತು. ಷಡ್ಡಕ ಕಾಫಿಗೆಂದು ಹೊರಟ, ಹೆಂಡತಿಯೂ ಅಕ್ಕನ ಹತ್ತಿರ ಎದ್ದು ಹೋದಳು. ಕತ್ತಲೆ ಕೋಣೆಯಲ್ಲಿ ವಾಲ್ವುಗಳ ಬೆಳಕು ಮಾತ್ರ. ಮುಳ್ಳಿನ ತುದಿಯಲ್ಲಿ ಒಂದು ಚೂರು ಧೂಳು ಕೂತಿತ್ತು.

ತಮಾಷೆಗೆ, ಬರೀ ತಮಾಷೆಗೆ, ಎಂದು ತನಗೆ ತಾನೇ ಹೇಳಿಕೊಂಡ. ಕನ್ನಡಕ ಒರೆಸುವ ಬಟ್ಟೆಯ ಮೂಲೆಯಿಂದ ಆ ಧೂಳನ್ನು ಒತ್ತಿ ತೆಗೆದ. ಬೂದು ಬಣ್ಣದ ಉಂಡೆ, ಅದರ ನಡುವೆ ಕೂದಲಿಗಿಂತ ತೆಳುವಾದ ಒಂದು ಕೆಂಪೆಳೆ. ಕಂಡಿತು ಅವನಿಗೆ. ಊರಿನವರ ಕಣ್ಣಿನ ದೋಷ ಹುಡುಕುವವನಿಗೆ ಕಾಣದೆ ಇರುತ್ತದೆಯೇ? ಇಲ್ಲಿಯ ಜಮಖಾನೆಯದಿರಬೇಕು ಅಂದುಕೊಂಡು ಬಟ್ಟೆ ಮಡಚಿ ಜೇಬಿಗಿಟ್ಟ.

ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದವನು ಕೋಣೆಯ ಪರದೆ ಎಳೆದ. ಒಳಗೆ ಬೆಂದ ಅನ್ನದ ವಾಸನೆ, ನಲ್ಲಿಯ ಸದ್ದು. ನಡುಮನೆಯಲ್ಲಿ ಶಾಲೆಗೆ ರಜೆಯೆಂದು ಮಗಳು ಬಣ್ಣ ಬಳಿಯುತ್ತ ಗುನುಗುತ್ತಿದ್ದಳು. ತಲೆಯ ಮೇಲೆ ಫ್ಯಾನು ಎಂದಿನಂತೆ ಟಕ್ ಟಕ್ ಎನ್ನುತ್ತಿತ್ತು. ಬೋಳು ತಟ್ಟೆಯನ್ನು ಯಂತ್ರದ ಮೇಲಿಟ್ಟು ಧೂಳಿನ ಬಟ್ಟೆಯನ್ನು ಅದರ ಮೇಲೆ ಕೊಡವಿದ. ನಾಳೆ ಷಡ್ಡಕ ತನ್ನ ಆಳೆತ್ತರದ ಸ್ಪೀಕರುಗಳೆದುರು ಕಂಗಾಲಾಗಿ ಕೂತಿರುವುದನ್ನು ನೆನೆದು ನಗು ಬಂತು. ಹಾಗೇನೂ ಆಗುವುದಿಲ್ಲವೆಂದು ಗೊತ್ತು. ಆದರೂ ಆಗಲಿ, ದೇವರೇ, ಆಗಲಿ ಎಂದು ಮನಸ್ಸು ಬೇಡುತ್ತಿತ್ತು. ಮುಳ್ಳು ಇಳಿಸಿದ.

ಮೊದಲು ಏನೂ ಇಲ್ಲ. ಮುಳ್ಳು ನುಣ್ಣನೆ ಜಾರುತ್ತಿತ್ತು. ಆಮೇಲೆ ಕೂದಲು ಸುಟ್ಟ ವಾಸನೆ ಎದ್ದಿತು. ಕರಿಯ ಮೈಯ ಮೇಲೆ ಒಂದು ಗೀರು ತಾನಾಗಿ ಬಿಚ್ಚಿಕೊಂಡಿತು. ಅದರ ಹಿಂದೆ ಇನ್ನೊಂದು. ಸ್ಪೀಕರಿನಿಂದ ನೀರು ಬೀಳುವ ಸದ್ದು ಬಂತು. ಎಂಥ ಸದ್ದು! ಒಂದೊಂದು ಹನಿಯೂ ಬೇರೆ ಬೇರೆ. ಪಾತ್ರೆಯ ಅಂಚಿಗೆ ಬಳೆ ತಾಗಿದ್ದೂ ಕೇಳಿಸಿತು. ಇವನ ಸೆಟ್ಟು ಹೀಗೆ ಎಂದೂ ನುಡಿದಿರಲಿಲ್ಲ.

ಬಂತು! ಷಡ್ಡಕನ ಮನೆಯ ದನಿ ಬಂತು! ಕನ್ನಡಕದವನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

ಟಕ್. ಟಕ್. ಟಕ್.

ಸ್ಪೀಕರಿನೊಳಗೆ ಫ್ಯಾನು. ಷಡ್ಡಕನ ಮನೆಯಲ್ಲಿ ಅಂಥ ಫ್ಯಾನಿಲ್ಲ. ತಲೆ ಎತ್ತಿದ. ಅವನ ಫ್ಯಾನು ತಿರುಗುತ್ತಿತ್ತು. ಸದ್ದಿಲ್ಲ.

ಸ್ಪೀಕರಿನೊಳಗೆ ಯಾರೋ ಗುನುಗಿದರು. ಮಗುವಿನ ದನಿ. ಆ ಮನೆಯಲ್ಲಿ ಮಕ್ಕಳಿಲ್ಲ. ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಬಿದ್ದದ್ದು ಕೇಳಲಿಲ್ಲ. “ರೀ, ಊಟಕ್ಕೆ ಬನ್ರೀ,” ಅಂತು ಎಡಗಡೆಯ ಸ್ಪೀಕರು. “ಅಪ್ಪಾ, ಇನ್ನೊಂದ್ಸಲ,” ಅಂತು ಬಲಗಡೆಯದು. ಮುಳ್ಳನ್ನು ಎತ್ತಲು ಕೈ ಚಾಚಿದ. ಮುಳ್ಳು ಮೇಲೇಳಲಿಲ್ಲ. ಎಳೆದ. ಎರಡೂ ಕೈಯಿಂದ ಎಳೆದ. ಗೀರು ಬಿಚ್ಚುತ್ತಲೇ ಹೋಯಿತು. ತಟ್ಟೆ ತುಂಬಿತು. ಆಗ ಮುಳ್ಳು ತಾನಾಗಿ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು.

ಬಾಗಿಲಲ್ಲಿ ಮಗಳು ನಿಂತಿದ್ದಳು. ಬಾಯಿ ಅಗಲವಾಗಿ ತೆರೆದಿತ್ತು. ಕುತ್ತಿಗೆಯ ನರಗಳು ಉಬ್ಬಿದ್ದವು. ಕಿರುಚುತ್ತಿದ್ದಳು. ಒಂದು ಚೂರೂ ಕೇಳಲಿಲ್ಲ. ಅವಳ ಕೆಂಪು ಸ್ವೆಟರಿನ ತೋಳಿನಿಂದ ಒಂದು ಎಳೆ ನೇತಾಡುತ್ತಿತ್ತು. ಅದನ್ನು ನೋಡಿದ ಕನ್ನಡಕದವನು. ತಾನು ಒಯ್ದದ್ದು ತನ್ನದೇ ರೆಕಾರ್ಡು. ಷಡ್ಡಕ ಎರಡೆರಡು ಸಲ ಗುಡಿಸಿದ ಮುಳ್ಳಿಗೆ ಹತ್ತಿದ್ದು ಆ ರೆಕಾರ್ಡಿನ ಧೂಳು, ತನ್ನ ಮನೆಯ ಧೂಳು. “ಮಗಳೇ” ಎಂದ. ಗಾಳಿಯೂ ಹೊರಡಲಿಲ್ಲ.

ಆಮೇಲಿನ ಎರಡು ವಾರ ಹೇಗೆ ಕಳೆದವೋ ಅವರಿಗೇ ಗೊತ್ತು. ಗಂಟಲು ನೋಡಿದ ಡಾಕ್ಟರುಗಳೆಲ್ಲ ಏನೂ ಇಲ್ಲ ಎಂದರು. ಕನ್ನಡಕದವನು ಓಡಿಹೋಗಿ ಮುದುಕಿಯ ಕಾಲು ಹಿಡಿದ. ಅವಳು ಹಣೆ ಚಚ್ಚಿಕೊಂಡು, “ಒಡೀಬೇಡ, ಒಡೆದ್ರೆ ಅದೂ ಹೋಗತ್ತೆ. ಜಾಸ್ತಿ ಕೇಳ್ಬೇಡ,” ಎಂದಳು, ಅಷ್ಟೆ. ಕೇಳದೆ ಇರುವುದಾದರೂ ಹೇಗೆ? ಆ ಮನೆಯಲ್ಲಿ ದನಿಯಿದ್ದದ್ದು ತಟ್ಟೆಯೊಂದಕ್ಕೇ. ಅದನ್ನು ಹಾಕಿದರೆ ಹೆಂಡತಿ ಬಂದು ಅವನ ಸೆಟ್ಟಿನೆದುರು ಕೂರುವಳು, ಕಣ್ಣು ಮುಚ್ಚುವಳು, ಮುಚ್ಚಿದ ರೆಪ್ಪೆಯಿಂದ ನೀರಿಳಿಯುವುದು. ಅವನು ಬೇಡಿದ್ದು ಹೀಗೆ ಸಿಕ್ಕಿತು. ಮೊಬೈಲಿನಲ್ಲಿ ಹಿಡಿದಿಡಲು ನೋಡಿದ, ಬರೀ ಮೌನ ಹಿಡಿಯಿತು. ಹತ್ತನೆಯ ಸಲಕ್ಕೆ ತಟ್ಟೆಯಲ್ಲಿ ಚರಚರ ಶುರುವಾಯಿತು. ಹಗುರವಾದ ಹೊಸ ಮುಳ್ಳು ತಂದು ಹಾಕಿದರೆ ಇವನ ಯಂತ್ರದ ತೋಳು ಅಷ್ಟು ಹಗುರ ತಾಳದೆ ಜಾರಿತು. ಹೆಂಡತಿಯ ನಗುವಿನ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಆ ನಗು ಮತ್ತೆ ಕೇಳಲಿಲ್ಲ.

ಇಡೀ ಊರಿನಲ್ಲಿ ತಟ್ಟೆಯನ್ನು ಸವೆಸದ ಮುಳ್ಳು ಒಂದೇ ಇತ್ತು. ಅದು ಯಾರ ಮನೆಯಲ್ಲಿ ಎಂದು ಬೇರೆ ಹೇಳಬೇಕೆ?

ಆದದ್ದನ್ನು ಕನ್ನಡಕದವನು ಚೀಟಿಯಲ್ಲಿ ಬರೆದುಕೊಟ್ಟ. ಆ ಧೂಳನ್ನು ಯಾರ ಮನೆಯದೆಂದುಕೊಂಡು ತೆಗೆದಿದ್ದ ಎಂಬುದೊಂದನ್ನು ಬರೆಯಲಿಲ್ಲ. ಷಡ್ಡಕ ಓದಿದ, ನಂಬಲಿಲ್ಲ. ತಟ್ಟೆ ಹಾಕಿ ಕೇಳಿದ. ಮುಗಿದದ್ದೇ ಮುಳ್ಳನ್ನು ಮೆಲ್ಲಗೆ ಎತ್ತಿ, ತಟ್ಟೆಯ ಮೇಲೆ ಮೆತ್ತನೆ ಬಟ್ಟೆ ಹೊದಿಸಿದ.

“ಇಲ್ಲೇ ಬಿಟ್ಟು ಹೋಗು ತಮ್ಮಾ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.” ಆಮೇಲೆ ಅಂದ, “ನಿನಗೆ ಗೊತ್ತಿಲ್ಲ ಕಣೋ. ನಿಮ್ಮನೇಲಿ ಯಾವಾಗ್ಲೂ ಒಂದು ಗಲಾಟೆ ಇರ್ತಿತ್ತಲ್ಲ, ಮನೆಗೆ ಬಂದು ಈ ಕೋಣೇಲಿ ಕೂತ್ರೆ ನನಗೆ ಹೊಟ್ಟೆ ಉರೀತಿತ್ತು.”

ಈಗ ಪ್ರತಿ ಭಾನುವಾರ ಬೆಳಿಗ್ಗೆ ಮೂವರೂ ಅಲ್ಲಿಗೆ ಹೋಗುತ್ತಾರೆ. ಷಡ್ಡಕ ಮುಳ್ಳು ಗುಡಿಸುತ್ತಾನೆ, ಎರಡು ಸಲ. ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಲ್ಲಿ, ಬಳೆ, ಫ್ಯಾನು ಎಲ್ಲ ಬರುತ್ತವೆ, ಹನಿ ಹನಿಯಾಗಿ, ಎದುರಿಗೇ ಇದ್ದ ಹಾಗೆ. ಮಗಳು ಗುನುಗುವ ಮೊದಲು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಕನ್ನಡಕದವನು ಅದನ್ನು ತನ್ನ ಮನೆಯಲ್ಲಿ ಎಂದೂ ಕೇಳಿಸಿಕೊಂಡಿರಲಿಲ್ಲ.

ಕೊನೆಗೆ ಆ ಮಾತು ಬರುತ್ತದೆ.

“ಅಪ್ಪಾ, ಇನ್ನೊಂದ್ಸಲ!”

“ಹಾಕ್ತೀನಿ ಕಂದಾ, ಹಾಕ್ತೀನಿ,” ಎಂದು ಷಡ್ಡಕ ಸ್ಪೀಕರಿನ ಕಡೆಗೆ ಬಾಗಿ ಹೇಳುತ್ತಾನೆ. ಆ ದನಿ ಕೇಳಿ ಮಗಳು ಅಪ್ಪನ ಪಕ್ಕದಿಂದ ಎದ್ದು ಹೋಗಿ ದೊಡ್ಡಪ್ಪನ ತೊಡೆಗೆ ಒರಗಿ ಕೂರುತ್ತಾಳೆ. ಅಪ್ಪ ನಾನು ಕಣಣ್ಣ, ನಾನು ಎನ್ನಲು ಕನ್ನಡಕದವನು ಬಾಯಿ ತೆರೆಯುತ್ತಾನೆ. ಅವನ ಕಡೆ ಯಾರೂ ತಿರುಗುವುದಿಲ್ಲ. ಷಡ್ಡಕ ಮುಳ್ಳನ್ನು ಮೆಲ್ಲಗೆ ಎತ್ತಿ ಮತ್ತೆ ಮೊದಲಿನಿಂದ ಇಳಿಸುತ್ತಾನೆ.