ಹಗ್ಗದಲ್ಲಿ ಉಳಿದ ಜಾಗ

"ಹಗ್ಗ ಬಿಟ್ ಹೋದವನಿಗೆ ಈ ಮನಿ ಬಾಗ್ಲಿಲ್ಲೆ."

ಬಚ್ಚ ಹೊಸ್ತಿಲಿಗೆ ಅಡ್ಡ ನಿಂತಿದ್ದ. ಅಂಗಳದಲ್ಲಿ ಅವನ ತಮ್ಮ ಗೋವರ್ಧನ, ತೋಳಿನ ಮೇಲೆ ನಿನ್ನೆ ಕುಂದಾಪುರದ ಸನ್ಮಾನದಲ್ಲಿ ಹೊದಿಸಿದ ಶಾಲು. ಹಾಡಿನ ಪದ ತಾನೇ ಕಟ್ಟಿ ತಾನೇ ಹಾಡುವ ಈ ಕವಿಯ ದನಿ ರೇಡಿಯೊ ಇದ್ದ ಊರಿಗೆಲ್ಲ ಗೊತ್ತು.

"ಊರೆಲ್ಲ ಕೇಂಬ ನಿನ್ನ ಪದ ನಾನ್ ಒಂದ್ ದಿನವೂ ಕೇಣ್ಲಿಲ್ಲೆ," ಎಂದ ಬಚ್ಚ.

ಅವನ ಹೆಂಡತಿ ವನಜ ಒಳಗಿನಿಂದ ಮೈದುನನ ನರೆಗೂದಲು ನೋಡುತ್ತಿದ್ದಳು. ಹದಿಮೂರು ವರ್ಷ...

ಗಂಗೊಳ್ಳಿಯ ದಂಡೆಯಲ್ಲಿ ರಂಪಣಿ ಬಲೆಯನ್ನು ಊರೇ ಸೇರಿ ಎಳೆಯುತ್ತದೆ. ಹಗ್ಗದಲ್ಲಿ ಪ್ರತಿ ಮನೆಗೂ ಅದರದೇ ಜಾಗ. ಖಾಲಿ ಬಿದ್ದರೆ ಆ ಜಾಗ ಬೇರೆಯವರ ಪಾಲು. ಗೋವರ್ಧನ ಅಲ್ಲಿ ಪದ ಎತ್ತುತ್ತಿದ್ದವನು. ಅವನ ಪದಕ್ಕೆ ಎಲ್ಲರ ಕಾಲೂ ಒಟ್ಟಿಗೆ ಹಿಂದೆ ಸರಿಯುತ್ತಿದ್ದವು. ಐವತ್ತಾರನೇ ಇಸವಿಯಲ್ಲಿ, ಬಲೆ ತುಂಬ ಬಂಗುಡೆ ಮೀನು ಬಿದ್ದ ದಿನವೇ, ಅವನು ಹಾಡಲೆಂದು ನಾಟಕದವರ ಜೊತೆ ಹೊರಟುಹೋದ. ಮರುದಿನ ವನಜ ಸೀರೆ ಎತ್ತಿ ಕಟ್ಟಿ ಅವನ ಜಾಗದಲ್ಲಿ ನಿಂತಳು. ಹೆಂಗಸು ಹಗ್ಗ ಹಿಡಿದದ್ದು ಕಂಡು ಗಂಡಸರು ನಕ್ಕರು.

"ಅವ ಬಪ್ಪ ವರೆಗೆ ಈ ಜಾಗ ನಾನ್ ಹಿಡ್ಕಂತೆ," ಎಂದಿದ್ದಳು.

ಈಗ ಗಂಡನ ಪಕ್ಕದಿಂದ ನುಸುಳಿ ಅವಳು ಅಂಗಳಕ್ಕಿಳಿದಳು. ಗೋವರ್ಧನ ಅವಳ ಅಂಗೈ ತಿರುಗಿಸಿ ನೋಡಿದ. ಹಗ್ಗ ಕೊರೆದ ಗೆರೆಗಳು ಒಣಗಿ ಕಪ್ಪಾಗಿದ್ದವು. ಶಾಲನ್ನು ಅವಳ ಕೈಗಿಟ್ಟ.

"ಅತ್ತಿಗೆ, ಈ ಶಾಲ್ ನಿಮ್ದ್. ನೀವ್ ಇಲ್ಲಿ ನಿಂತದ್ದಕ್ಕೆ ನಾನ್ ಅಲ್ಲಿ ಹಾಡ್ದೆ."

"ಶಾಲ್ ಹೊದ್ಕಂಡ್ ಮೀನ್ ಒಣ್ಸೂದಾ ಮಾರಾಯ?" ಅವಳು ನಕ್ಕಳು. ಆದರೆ ಶಾಲನ್ನು ಎದೆಗೆ ಒತ್ತಿಕೊಂಡಳು.

ಅಷ್ಟರಲ್ಲಿ ದಂಡೆಯಿಂದ ಕೂಗು ಬಂತು. "ಹ್ವಾಯ್, ಬಲೆ ಎಳೂಕೆ ಬನ್ನಿ!"

ಬಚ್ಚ ತಮ್ಮನತ್ತ ನೋಡದೆ ನಡೆದ. ವನಜ ಶಾಲನ್ನು ಒಳಗಿಟ್ಟು ಬಂದು, "ಬಾ," ಎಂದಳು.

ದಂಡೆಯಲ್ಲಿ, ಬಚ್ಚನ ಬೆನ್ನ ಹಿಂದಿನ ತನ್ನ ಜಾಗದಲ್ಲಿ ಹಗ್ಗ ಹಿಡಿದವಳು ಮೈದುನನ ಕೈಗೆ ಅದನ್ನು ಕೊಟ್ಟು ಬದಿಗೆ ಸರಿದಳು. ಹಾರ್ಮೋನಿಯಂ ಮೇಲೆ ಆಡಿದ ಬೆರಳುಗಳು ಅವನವು. ಸ್ವಲ್ಪ ಹೊತ್ತಿನಲ್ಲೇ ಅಂಗೈ ಸುಲಿದು ಹಗ್ಗ ಕೆಂಪಾಯಿತು. ಅವನು ಬಿಡಲಿಲ್ಲ. ಬಚ್ಚ ಓರೆಗಣ್ಣಿನಿಂದ ಆ ಕೆಂಪು ನೋಡಿದ.

"ಎಂತ ಮಾತಿಲ್ದೆ ಎಳೀತೆ? ಪದ ಎತ್ತ್," ಎಂದ ಬಚ್ಚ, ತಿರುಗದೆಯೇ. "ಹೋದ ಐತವಾರ ರೇಡಿಯೊದಲ್ಲಿ ನೀನ್ ಎರಡ್ನೇ ಸಾಲ್ ತಪ್ಪ್ ಹೇಳಿದ್ದೆ. ಇವತ್ತಾರೂ ಸಮ ಹೇಳ್."

ಗೋವರ್ಧನ ಅಳುತ್ತಲೇ ಪದ ಎತ್ತಿದ. ಕಾಲುಗಳು ಒಟ್ಟಿಗೆ ಸರಿದವು. ಖಾಲಿಯಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ವನಜ ಕಡಲಿನತ್ತ ಕೈ ಜೋಡಿಸಿ ನಿಂತಳು.