ಗುರುತಿಲ್ಲದ ಕಂದು ಕಾಳು

“ಮತ್ತೆ ಬಾಯಿ ಹಾಕಿದೆಯಾ? ನಾನು ಸೊನ್ನೆ ಎಣಿಸುವಾಗಲೇ ನೀನು ಲೊಚಗುಟ್ಟಬೇಕಾ? ನಿನ್ನ ಬಾಲ ಉದುರಿಹೋಗ!” ಎಂದು ಚಿಕ್ಕತಾಯಿ ಹಿತ್ತಾಳೆ ಹಲ್ಲಿಗೆ ಗದರಿದಳು.

ಇದು ಎಂದೋ ಮಿಂಚಿನಪುರವೆಂಬ ರಾಜ್ಯದಲ್ಲಿ ನಡೆದದ್ದು. ಧೂಮಾಕ್ಷನೆಂಬ ಮಾಂತ್ರಿಕ ಊರವರನ್ನೆಲ್ಲ ಕಾಳಿನಷ್ಟು ಚಿಕ್ಕ ಕೆಪಾಸಿಟರುಗಳಾಗಿ ಮಾಡಿ, ತನ್ನ ಹಾರುವ ಕಬ್ಬಿಣದ ಕುದುರೆಯ ಎದೆಯೊಳಗಿನ ಹಸಿರು ಹಲಗೆಗೆ ಬೆಸೆದಿದ್ದ. ಅವರು ಮಿಂಚನ್ನು ಗುಟುಕು ಗುಟುಕಾಗಿ ಹಿಡಿದಿಟ್ಟು ಬಿಟ್ಟರೆ ಕುದುರೆ ಹಾರುತ್ತಿತ್ತು. ಆ ದಿನ ತವರಿಗೆ ಹೋಗಿದ್ದ ಬೆಸುಗೆ ಕೆಲಸದ ಚಿಕ್ಕತಾಯಿ ಎಂಬ ಹೆಂಗಸೊಬ್ಬಳೇ ಉಳಿದಿದ್ದಳು. ಮಾಂತ್ರಿಕ ಹೊಳೆಗೆ ಸ್ನಾನಕ್ಕೆ ಹೋದದ್ದೇ ತಡ, ಬೆಸುಗೆ ಕಡ್ಡಿ, ಬಿಡಿ ಕೆಪಾಸಿಟರುಗಳ ಡಬ್ಬಿ ಹಿಡಿದು ಲಾಯಕ್ಕೆ ನುಗ್ಗಿದ್ದಳು.

“ಮೂವರನ್ನು ಕಿತ್ತು, ಅವರ ಜಾಗಕ್ಕೆ ಸರಿಯಾದದ್ದನ್ನು ಕೂರಿಸಿದರೆ ಮಾಯೆ ಮುರಿಯುತ್ತದೆ. ಒಂದು ತಪ್ಪಿದರೂ ಎಲ್ಲರೂ ಬೂದಿ! ಲೊಚಲೊಚ!” ಎಂದಿತು ಕಾವಲಿನ ಹಲ್ಲಿ.

ಹಳದಿ ಕಾಳಿನೊಳಗಿಂದ ಅತ್ತೆಯ ದನಿ ಬಂತು. “ಬಂದೆಯಾ ಮಹಾರಾಣಿ? ನಿಧಾನಕ್ಕೆ ಬಾ, ನಮಗೇನು ಅವಸರ!”

“ಸುಮ್ಮನಿರಿ ಅತ್ತೆಮ್ಮ, ಓದೋಕೆ ಬಿಡಿ.”

ಆ ಕಾಳಿನ ಮೇಲೆ 106 ಎಂದಿತ್ತು, ಪಕ್ಕದಲ್ಲಿ C. ಮಿಂಚು ಹಿಡಿಯುವ ಅಳತೆ ಹತ್ತರ ಮುಂದೆ ಆರು ಸೊನ್ನೆ ಪಿಕೋಫ್ಯಾರಡ್, ಅಂದರೆ ಹತ್ತು ಮೈಕ್ರೋಫ್ಯಾರಡ್. C ಎಂದರೆ ಹದಿನಾರು ವೋಲ್ಟು ತಡೆಯುವಂಥದ್ದು. ಅವಳ ಡಬ್ಬಿಯಲ್ಲಿ ಅದೇ ಅಳತೆಯ C ಇರಲಿಲ್ಲ. ಹತ್ತು ವೋಲ್ಟಿನ A ಇತ್ತು, ಇಪ್ಪತ್ತೈದರ E ಇತ್ತು. ಕಡಿಮೆ ತಡೆಯುವುದು ಸಿಡಿಯುತ್ತದೆ, ಹೆಚ್ಚು ತಡೆದರೆ ತೊಂದರೆಯಿಲ್ಲ. ಅತ್ತೆಯ ಕಾಳನ್ನು ಕಿತ್ತು, ಡಬ್ಬಿಯಿಂದ E ತೆಗೆದು, ಅದರ ಪಟ್ಟಿಯಿರುವ ತುದಿಯನ್ನು ಪ್ಲಸ್ಸಿಗೆ ಕೂರಿಸಿದಳು. ಅತ್ತೆ ಸೆರಗು ಕೊಡವಿಕೊಂಡು ಎದ್ದು ನಿಂತಳು.

ಎರಡನೆಯದು ಬೆಳ್ಳಿ ಬಣ್ಣದ ಪುಟ್ಟ ಡಬರಿ. ಒಳಗೆ ಗಂಡ ಕೆಮ್ಮುತ್ತಿದ್ದ. ಮೇಲೆ 100, ಕೆಳಗೆ 16V.

“ಹತ್ತರ ಮುಂದೆ ಸೊನ್ನೆಯೇ ಇಲ್ಲ, ಬರೀ ಹತ್ತು! ತಪ್ಪಿದರೆ ಬೂದಿ, ಲೊಚಲೊಚ!” ಎಂದಿತು ಹಲ್ಲಿ.

“ಡಬರಿಗೆ ಸೊನ್ನೆಯ ಲೆಕ್ಕ ಇಲ್ಲ ಕಣೇ. ಬರೆದದ್ದು ಬರೆದ ಹಾಗೇ, ನೂರು.”

ಅಂಥದ್ದೇ ಸಿಕ್ಕಿತು. ಅದರ ಕಪ್ಪು ಗುರುತನ್ನೂ ಪ್ಲಸ್ಸಿಗೆ ಇಡಲು ಹೋದ ಕೈ ತಟ್ಟನೆ ನಿಂತಿತು. ಹಳದಿಯದರಲ್ಲಿ ಪಟ್ಟಿ ಪ್ಲಸ್ಸು, ಡಬರಿಯಲ್ಲಿ ಕಪ್ಪು ಮೈನಸ್ಸು! ಬೆವರೊರೆಸಿ ತಿರುಗಿಸಿಟ್ಟಳು. ಗಂಡ ಹೊರಬಂದ.

ಮೂರನೆಯದು ಕಂದು. ಅದರೊಳಗೆ ಮಗಳು ಹವಳಿ ಬಿಕ್ಕುತ್ತಿದ್ದಳು. ಮೇಲೆ ಅಂಕಿಯಿಲ್ಲ, ಅಕ್ಷರವಿಲ್ಲ, ಪಟ್ಟಿಯಿಲ್ಲ. ಡಬ್ಬಿಯಲ್ಲಿ ಅಂಥವು ಒಂದು ಹಿಡಿ ಇದ್ದವು, ಒಂದಕ್ಕೂ ಗುರುತಿಲ್ಲ. ಯಾವುದನ್ನು ಇಡುವುದು? ಹೊಳೆಯ ಕಡೆಯಿಂದ ಮಾಂತ್ರಿಕನ ಮರದ ಪಾವುಗೆಯ ಸದ್ದು ಕೇಳಿಸಿತು.

“ಬೇಗ ಕಣೇ, ಬಂದ!” ಎಂದ ಗಂಡ.

“ನಾನೇ ಹುಡುಕ್ತಿದ್ದೀನಿ, ನೀವೊಬ್ಬರು ಬೇರೆ!”

ಆಗ ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಹಳೆಯ ಕುದುರೆ ಕಂಡಿತು. ಅದೇ ಮಾಟ, ಅದೇ ಹಲಗೆ. ಹಾಗಾದರೆ ಅದೇ ಜಾಗದಲ್ಲಿರುವ ಕಾಳೂ ಅದೇ ಅಳತೆಯದು! ಓಡಿಹೋಗಿ ಕಿತ್ತು ತಂದಳು, ಮಗಳನ್ನು ಬಿಡಿಸಿ ಅಲ್ಲಿ ಅದನ್ನು ಬೆಸೆದಳು.

ಧೂಮಾಕ್ಷ ಹೊಸ್ತಿಲಲ್ಲೇ ಹೊಗೆಯಾಗಿ ಹೋದ. ಹಲ್ಲಿ ಬರೀ ಹಿತ್ತಾಳೆಯಾಯಿತು. ಹಲಗೆಯಿಂದ ಜನ ದಡದಡನೆ ಇಳಿದರು, ಲಾಯ ತುಂಬಿತು. ಮಿಂಚಿನಪುರದವರು ಮುಂದೆ ಉಂಡುಟ್ಟು ಸುಖವಾಗಿ ಬಾಳಿದರು. ಆದರೆ ಆ ಹೊತ್ತು ಹಳೆಯ ಕುದುರೆಯಿಂದ ಒಬ್ಬರೂ ಇಳಿಯಲಿಲ್ಲ. ಅಲ್ಲಿಂದ ತಂದು ಈ ಹಲಗೆಗೆ ಬೆಸೆದ ಕಂದು ಕಾಳೂ ಏಳಲಿಲ್ಲ.

ಹವಳಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಚಿಕ್ಕತಾಯಿಯ ಸೆರಗು ಜಗ್ಗಿ ಕೇಳಿದಳು:

“ಅಮ್ಮಾ, ನನ್ನ ಜಾಗಕ್ಕೆ ನೀನು ಯಾರನ್ನ ತಂದು ಕೂರಿಸಿದೆ?”